ಆಷಾಢದಲ್ಲಿ ಬೀಗ ಬಿದ್ದ ಮಂಟಪಗಳನ್ನು ಕುಣಿಯುವವರಿಗೆ ಕೊಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಿಮ್ಮ ಪತ್ರಿಕೆಯಲ್ಲಿ ಬಂದ ಓದುಗರೊಬ್ಬರ ಪತ್ರವನ್ನು ತುಮಕೂರಿನ ನನ್ನ ತಂಗಿ ಫೋಟೊ ತೆಗೆದು ಕಳಿಸಿದಳು. ಅವರ ಬಡಾವಣೆಯ ಸಮುದಾಯ ಭವನದಲ್ಲಿ ನಿವೃತ್ತರಾದ ಹತ್ತು ಹನ್ನೆರಡು ಜನ, ಗಂಡಸರು ಹೆಂಗಸರು ಸೇರಿ, ವಾರಕ್ಕೆ ಎರಡು ಸಂಜೆ ಮೇಷ್ಟ್ರೊಬ್ಬರನ್ನು ಕರೆಸಿ ಜೋಡಿ ಕುಣಿತ ಕಲಿಯುತ್ತಿದ್ದರಂತೆ. ನಿವಾಸಿಗಳ ಸಂಘ ಅದನ್ನು ನಿಲ್ಲಿಸಿತಂತೆ. ನಿಲ್ಲಿಸಿದ್ದೇ ಸರಿ ಎನ್ನುವುದು ಪತ್ರ ಬರೆದವರ ವಾದ. ಅರವತ್ತು ದಾಟಿದವರು ಕೈ ಕೈ ಹಿಡಿದು ಕುಣಿದರೆ ಮೊಮ್ಮಕ್ಕಳ ಮುಂದೆ ಮರ್ಯಾದೆ ಏನುಳಿಯುತ್ತದೆ, ಇದು ನಮ್ಮ ಪದ್ಧತಿಯೂ ಅಲ್ಲ, ಭವನ ಕಟ್ಟಿಸಿರುವುದು ಶುಭಕಾರ್ಯಕ್ಕೆ ಎಂದು ಅವರು ಬರೆದಿದ್ದಾರೆ.

ಆ ಪತ್ರವನ್ನು ಮೂರು ಸಲ ಓದಿದೆ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಐವತ್ತೆಂಟು ವರ್ಷದವರೆಗೆ ನನಗೂ ಹಾಗೇ ಅನಿಸುತ್ತಿತ್ತು. ಈಗ ಅರವತ್ಮೂರು. ಹೋದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿನಲ್ಲಿ ಹವ್ಯಾಸಿಗಳಿಗಾಗಿ ನಡೆದ ಬಾಲ್‌ರೂಮ್ ಎಂಬ ಜೋಡಿ ಕುಣಿತದ ಸ್ಪರ್ಧೆಗೆ, ನಾನು ಕುಣಿತ ಕಲಿಯುವ ಸ್ಟುಡಿಯೊದ ಗುಂಪಿನ ಜೊತೆ ಹೋಗಿ ಕುಣಿದು ಬಂದಿದ್ದೇನೆ. ಆ ಮೂರು ದಿನ ಹೇಗಿತ್ತು ಅಂತ ಬರೆಯುತ್ತೇನೆ. ಪತ್ರ ಉದ್ದವಾಗುತ್ತದೆ, ಜಾಗ ಮಾಡಿಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ.

ನಾನು ತಿಪಟೂರಿನವಳು. ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮದುವೆಯಾಗಿ ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಬಂದು ಮೂವತ್ತಾರು ವರ್ಷವಾಯಿತು. ಯಜಮಾನರು ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು, ನಾನು ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ. ಅವರು ತೀರಿಕೊಂಡು ಆರು ವರ್ಷ. ಆಮೇಲಿನ ಒಂದು ವರ್ಷ ನಾನು ಮನೆಯಲ್ಲಿ ದೀಪ ಹಚ್ಚಿದ್ದು, ಅಡುಗೆ ಮಾಡಿದ್ದು, ಟೀವಿ ಮುಂದೆ ಕೂತದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಪಕ್ಕದ ಮನೆಯಾಕೆ ಸಿಟಿ ಬಸ್ ಓಡಿಸಿ ನಿವೃತ್ತಳಾದವಳು. ಒಂದು ಗುರುವಾರ ಸಂಜೆ ಬಾಗಿಲು ತಟ್ಟಿ, ಕೋಟು ಹಾಕಿಕೋ, ನನ್ನ ಜೊತೆ ಬಾ ಅಂದಳು. ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ, ಒಂದು ಗೋಡೆ ಪೂರಾ ಕನ್ನಡಿ, ಮರದ ನೆಲ. ನೋಡಲು ಅಂತ ಹೋದೆ. ಟೀಚರ್ ಎಪ್ಪತ್ತು ದಾಟಿದ ಹೆಂಗಸು, ಹರೆಯದಲ್ಲಿ ಲೆಸ್ಟರಿನ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದು ಸಂಜೆ ಹೊತ್ತು ಕುಣಿತ ಕಲಿತವರು. ಅವರು ಬಂದು ನನ್ನ ಕೋಟು ಇಸಕೊಂಡು ಮೊಳೆಗೆ ಹಾಕಿ, ಎರಡೂ ಕೈ ಹಿಡಿದು, ಒಂದು ಎರಡು ಮೂರು ಅಂತ ಎಣಿಸುತ್ತಾ ಹಿಂದಕ್ಕೆ ನಡೆಸಿದರು. ಹೆಚ್ಚುಕಡಿಮೆ ಒಂದು ವರ್ಷದಿಂದ ಯಾರೂ ನನ್ನ ಕೈ ಹಿಡಿದಿರಲಿಲ್ಲ. ಅದು ಗೊತ್ತಾದದ್ದೇ ಆವತ್ತು.

ಹಾಗೆ ಶುರುವಾದದ್ದು. ನಾಲ್ಕು ವರ್ಷ ಗುರುವಾರ ತಪ್ಪಿಸಲಿಲ್ಲ. ವಾಲ್ಟ್ಸ್ ಎಂಬ ನಿಧಾನದ ಕುಣಿತ ಮೊದಲು, ಆಮೇಲೆ ಕ್ವಿಕ್‌ಸ್ಟೆಪ್, ಚ ಚ ಚ, ಸ್ವಲ್ಪ ಟ್ಯಾಂಗೊ. ಇಲ್ಲಿನ ನೃತ್ಯಶಾಲೆಗಳಲ್ಲಿ ವಯಸ್ಸಾದವರಿಗೂ ಪರೀಕ್ಷೆ ಇರುತ್ತದೆ: ಕಂಚು, ಬೆಳ್ಳಿ, ಚಿನ್ನ. ಹೊರಗಿನಿಂದ ಪರೀಕ್ಷಕರು ಬಂದು, ನೋಡಿ, ಪಾದ ಎಲ್ಲಿ ತಪ್ಪಿತು, ತಲೆ ಎಲ್ಲಿ ಬಾಗಿತು ಅಂತ ಕಾಗದದ ಮೇಲೆ ಬರೆದು ಕೊಡುತ್ತಾರೆ. ಎಸ್ಸೆಸ್ಸೆಲ್ಸಿ ಆದಮೇಲೆ ನನ್ನ ಹೆಸರಿನ ಮುಂದೆ ಒಬ್ಬರು ಅಂಕ ಬರೆದದ್ದು ಅದೇ ಮೊದಲು. ಆ ಕಾಗದಗಳು ನನ್ನ ಹತ್ತಿರ ಇವೆ.

ಬ್ಲ್ಯಾಕ್‌ಪೂಲಿಗೆ ಹೋಗುವುದು ಅಂತ ಜನವರಿಯಲ್ಲೇ ತೀರ್ಮಾನವಾಯಿತು. ಬಸ್ಸು, ಎರಡು ರಾತ್ರಿ ವಸತಿ, ಸ್ಪರ್ಧೆಯ ಶುಲ್ಕ ಎಲ್ಲ ಸೇರಿ ಒಟ್ಟಿಗೆ ಕಟ್ಟುವುದು ಎಲ್ಲರಿಗೂ ಆಗುವುದಿಲ್ಲ. ಅದಕ್ಕೆ ಊರಲ್ಲಿ ಚೀಟಿ ಕಟ್ಟಿದ ಹಾಗೆ ತಿಂಗಳು ತಿಂಗಳು ಟೀಚರ ಹತ್ತಿರ ಕಟ್ಟುತ್ತಾ ಬಂದೆವು. ಕೆಲಸ ಕಳಕೊಂಡ ಒಬ್ಬನ ಎರಡು ಕಂತು ಯಾರೋ ತುಂಬಿದರು. ಯಾರು ಅಂತ ಟೀಚರ್ ಹೇಳಲಿಲ್ಲ, ನಾವೂ ಕೇಳಲಿಲ್ಲ. ನನಗೆ ಗೌನ್ ಇರಲಿಲ್ಲ. ಹೊಸದು ಕೊಳ್ಳುವ ಬೆಲೆಯಲ್ಲಿ ತಿಪಟೂರಿಗೆ ಹೋಗಿ ಬರಬಹುದು. ಗುಂಪಿನ ಇನ್ನೊಬ್ಬಾಕೆ ಹತ್ತು ವರ್ಷದ ಹಿಂದೆ ಹಾಕಿದ ಕಡುನೀಲಿ ಗೌನ್ ಕೊಟ್ಟಳು, ಗುಂಪಿನಲ್ಲೇ ಗುಜರಾತಿ ದಂಪತಿ ಇದ್ದಾರೆ, ಅವರಲ್ಲಿ ಹೆಂಡತಿ ಸೊಂಟದ ಹೊಲಿಗೆ ಬಿಚ್ಚಿ ಎರಡಿಂಚು ಬಿಟ್ಟು ಮತ್ತೆ ಹೊಲಿದಳು. ಮಣಿಕಟ್ಟಿನವರೆಗೂ ತೋಳಿನ ಗೌನ್. ಅದರ ಮೇಲಿನ ಕಲ್ಲುಗಳಲ್ಲಿ ಬಿದ್ದುಹೋದವನ್ನು ಒಂದೊಂದಾಗಿ ಅಂಟಿಸುತ್ತಾ ನಾನು ಮೂರು ಸಂಜೆ ಕೂತೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಸ್ಸು. ಇಪ್ಪತ್ತೇಳು ಜನ. ಎಂಬತ್ತೊಂದು ವರ್ಷದ ರೈಲ್ವೆ ನಿವೃತ್ತರು ಒಬ್ಬರು, ಒಂಬತ್ತು ವರ್ಷದ ಹುಡುಗಿ ಒಬ್ಬಳು, ಮಿಕ್ಕವರು ನಡುವೆ. ಗೌನುಗಳು ಮಡಿಸಬಾರದು ಅಂತ ಹಿಂದಿನ ಎರಡು ಸಾಲು ಸೀಟುಗಳ ಮೇಲೆ ಉದ್ದಕ್ಕೆ ಮಲಗಿಸಿದ್ದರು. ನಾನು ಅವಲಕ್ಕಿ ಚೂಡ, ಕೋಡುಬಳೆ, ಒಂದು ಡಬ್ಬಿ ಚಟ್ನಿಪುಡಿ ತಂದಿದ್ದೆ. ಹೊರಟು ಒಂದು ಗಂಟೆಯಲ್ಲಿ ಕೋಡುಬಳೆ ಖಾಲಿ. ಸುಮಾರು 240 ಕಿಲೊಮೀಟರ್ ದಾರಿ. ಪ್ರೆಸ್ಟನ್ ಹತ್ತಿರ ಬಂದಾಗ ರೈಲ್ವೆ ಅಜ್ಜ, ಬ್ರಿಟನ್ನಿನ ಮೊದಲ ಮೋಟರ್‌ವೇ ಹೆದ್ದಾರಿ ಇದೇ ಜಾಗದಲ್ಲಿ 1958ರಲ್ಲಿ ತೆರೆದದ್ದು, ಆಗ ನಾನು ಸಣ್ಣ ಹುಡುಗ ಅಂತ ಹೇಳಿದರು. ಅಲ್ಲಿಂದ ರಸ್ತೆ ಪಶ್ಚಿಮಕ್ಕೆ ತಿರುಗುತ್ತದೆ, ನೆಲ ಚಪ್ಪಟೆಯಾಗುತ್ತದೆ, ಎಲ್ಲರೂ ಮಾತು ನಿಲ್ಲಿಸಿ ಕಿಟಕಿಗೆ ಮುಖ ಒತ್ತುತ್ತಾರೆ. ಬ್ಲ್ಯಾಕ್‌ಪೂಲಿನ ಗೋಪುರ ಮೊದಲು ಯಾರಿಗೆ ಕಾಣುತ್ತದೋ ಅವರಿಗೆ ಬಹುಮಾನ ಅನ್ನುವುದು ಇಲ್ಲಿಯ ಕುಟುಂಬಗಳಲ್ಲಿ ಎಷ್ಟೋ ತಲೆಮಾರಿನಿಂದ ನಡೆದುಬಂದ ಆಟ. 1894ರಲ್ಲಿ ಕಟ್ಟಿದ್ದು, 518 ಅಡಿ ಎತ್ತರ, ಪ್ಯಾರಿಸ್ಸಿನ ಐಫೆಲ್ ಗೋಪುರ ನೋಡಿ ಬಂದು ಕಟ್ಟಿಸಿದ್ದು. ಒಂಬತ್ತು ವರ್ಷದ ಹುಡುಗಿ ಮೊದಲು ಕೂಗಿದಳು. ಚಿಕ್ಕಂದಿನಲ್ಲಿ ಮೈಸೂರಿಗೆ ಹೋಗುವಾಗ ಚಾಮುಂಡಿಬೆಟ್ಟ ಕಂಡಿತು ಅಂತ ನಾವು ಬಸ್ಸಿನಲ್ಲಿ ಎದ್ದು ನಿಲ್ಲುತ್ತಿದ್ದದ್ದು ನೆನಪಾಗಿ ನನ್ನ ಗಂಟಲು ಕಟ್ಟಿತು.

ಆ ಗೋಪುರದ ಬುಡದಲ್ಲೇ ನಾವು ಕುಣಿಯಬೇಕಾದ ಸಭಾಂಗಣ. ಸಂಜೆ ಸಮುದ್ರದ ದಂಡೆಗೆ ನಡೆದುಹೋದೆವು. ಆ ಊರಿನಲ್ಲಿ ಶರತ್ಕಾಲದ ದೀಪೋತ್ಸವ ಮೈಲಿಗಟ್ಟಲೆ ಉದ್ದ. 1879ರಲ್ಲಿ ಎಂಟು ಆರ್ಕ್ ದೀಪ ಹಚ್ಚಿ ಶುರುಮಾಡಿದ್ದಂತೆ. ನವರಾತ್ರಿ ಮುಗಿದು ವಾರವಾಗಿತ್ತು. ತಲೆಯ ಮೇಲೆ ದೀಪ, ಕೆಳಗೆ ಟ್ರಾಮು, ಆಚೆ ಕತ್ತಲ ಸಮುದ್ರ. ನಮ್ಮ ಅರಮನೆಯ ದೀಪ ಒಂದೇ ಸಲ ಹತ್ತುವಾಗ ಜನ ಹೋ ಅನ್ನುತ್ತಾರಲ್ಲ, ಆ ಸದ್ದು ಒಂದು ಅಲ್ಲಿ ಇರಲಿಲ್ಲ. ಮಿಕ್ಕದ್ದೆಲ್ಲ ಇತ್ತು.

ಶನಿವಾರ ಬೆಳಿಗ್ಗೆ ಐದೂವರೆಗೆ ಎದ್ದೆವು. ನಮ್ಮ ಅತಿಥಿಗೃಹದ ಊಟದ ಕೋಣೆಯೇ ಮೇಕಪ್ ಕೋಣೆಯಾಯಿತು. ಕೂದಲಿಗೆ ನೆಟ್ ಕಟ್ಟಿ ಸ್ಪ್ರೇ ಹೊಡೆದು ಹೊಡೆದು ಕೊನೆಗೆ ಮುಟ್ಟಿದರೆ ತೆಂಗಿನ ಚಿಪ್ಪಿನ ಹಾಗಾಗಿತ್ತು. ಷೂಗಳ ವಿಷಯ ಹೇಳಲೇಬೇಕು. ಕುಣಿತದ ಷೂಗೆ ಅಡಿಯಲ್ಲಿ ರಬ್ಬರ್ ಇರುವುದಿಲ್ಲ, ಸ್ವೇಡ್ ಚರ್ಮ ಇರುತ್ತದೆ. ಕುಣಿದು ಕುಣಿದು ಅದು ನಯವಾದರೆ ಜಾರುತ್ತದೆ, ಅದಕ್ಕೆ ತಂತಿಯ ಬ್ರಷ್ಷಿನಿಂದ ಗೀಚಿ ಮತ್ತೆ ಒರಟು ಮಾಡಬೇಕು. ನನ್ನ ಜೊತೆಗಾತಿ, ಅಂದರೆ ಅದೇ ಪಕ್ಕದ ಮನೆಯಾಕೆ, ಮೆಟ್ಟಿಲ ಮೇಲೆ ಕೂತು ನಮ್ಮಿಬ್ಬರ ಷೂಗಳನ್ನೂ ಮೊಣಕಾಲ ಮೇಲೆ ಕವುಚಿ ಹಾಕಿಕೊಂಡು ಚರ ಚರ ಅಂತ ಉಜ್ಜಿದಳು, ಸೂಕ್ಷ್ಮವಾದ ಬೂದು ಧೂಳು ಅವಳ ಕಪ್ಪು ಪ್ಯಾಂಟಿನ ಮೇಲೆ ಬಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ತೀರ ಜಾರುವ ನೆಲವಿದ್ದರೆ ಕೆಲವರು ಷೂವಿನ ಅಡಿಗೆ ಒಂದು ಹನಿ ಹರಳೆಣ್ಣೆ ಸವರುತ್ತಾರೆ, ಅಂಟು ಬರಲಿ ಅಂತ. ನೆಲ ಹಾಳಾಗುತ್ತದೆ ಅಂತ ಎಷ್ಟೋ ಕಡೆ ಅದಕ್ಕೆ ಬಿಡುವುದಿಲ್ಲ. ಶನಿವಾರ ಹರಳೆಣ್ಣೆ ನೆತ್ತಿಗೆ ಹಚ್ಚಿಸಿಕೊಂಡು ಬೆಳೆದ ನಾನು ಅದನ್ನು ಅಂಗಾಲಿಗೆ ಹಚ್ಚುವವರನ್ನು ಇಲ್ಲಿ ಕಂಡೆ. ಹೆಂಗಸರ ಹಿಮ್ಮಡಿಗೆ ಪ್ಲಾಸ್ಟಿಕ್ಕಿನ ಪುಟ್ಟ ಟೋಪಿ ಹಾಕುತ್ತಾರೆ. ಅದೂ ನೆಲಕ್ಕೆ ಗಾಯವಾಗಬಾರದು ಅಂತಲೇ.

ನೆಲಕ್ಕೆ ಇಷ್ಟು ಮರ್ಯಾದೆ ಯಾಕೆ ಅನ್ನುವುದು ಒಳಗೆ ಹೋದಮೇಲೆ ತಿಳಿಯಿತು. ಬ್ಲ್ಯಾಕ್‌ಪೂಲ್ ಟವರ್ ಬಾಲ್‌ರೂಮ್ ಎಂಬ ಆ ಸಭಾಂಗಣ ಈಗಿನ ರೂಪದಲ್ಲಿ ತೆರೆದದ್ದು 1899ರಲ್ಲಿ, ವಿನ್ಯಾಸ ವಾಸ್ತುಶಿಲ್ಪಿ ಫ್ರ್ಯಾಂಕ್ ಮ್ಯಾಚಮ್ ಅವರದು. 120 ಅಡಿ ಉದ್ದ, 102 ಅಡಿ ಅಗಲದ ನೆಲ. ಮಹೋಗನಿ, ಓಕ್, ವಾಲ್‌ನಟ್ ಮರದ 30,602 ತುಂಡುಗಳನ್ನು ಕೂಡಿಸಿ ಮಾಡಿದ್ದು. 1956ರಲ್ಲಿ ಬೆಂಕಿ ಬಿದ್ದು ನೆಲ ಹಾಳಾದಾಗ ಮತ್ತೆ ಮೊದಲಿನಂತೆಯೇ ಕಟ್ಟಿದರು. ಮೇಲಿನ ತೂಗುದೀಪಗಳನ್ನು ತೊಳೆಯಬೇಕಾದರೆ ಒಂದೊಂದನ್ನೂ ನೆಲದವರೆಗೆ ಇಳಿಸುತ್ತಾರೆ, ಆ ಕೆಲಸಕ್ಕೆ ವಾರಕ್ಕೂ ಹೆಚ್ಚು ಬೇಕಂತೆ. ಇದು ರಾಜರ ಅರಮನೆ ಆಗಿರಲಿಲ್ಲ ಅನ್ನುವುದನ್ನು ಓದುಗರು ಗಮನಿಸಬೇಕು. ಲ್ಯಾಂಕಾಷೈರಿನ ಹತ್ತಿ ಗಿರಣಿಗಳ ಕೂಲಿಯವರು ವರ್ಷಕ್ಕೊಂದು ವಾರ ರಜೆ ಸಿಕ್ಕಾಗ ಗುಂಪು ಗುಂಪಾಗಿ ರೈಲಿನಲ್ಲಿ ಬಂದು ಕುಣಿಯುತ್ತಿದ್ದ ಜಾಗ. ಹಳೆಯ ಕಾಲದಲ್ಲಿ, ಹೆಂಗಸಿನ ಜೊತೆಯಿಲ್ಲದೆ ಗಂಡಸರು ಕುಣಿಯಕೂಡದು ಎಂಬ ನಿಯಮ ಅಲ್ಲಿತ್ತು. ನಾನೂ ನನ್ನ ಜೊತೆಗಾತಿಯೂ ಇಬ್ಬರೂ ಹೆಂಗಸರು. ಗಂಡಸರು ಯುದ್ಧಕ್ಕೆ ಹೋಗಿದ್ದಾಗ ಹೆಂಗಸರು ಹೆಂಗಸರ ಜೊತೆಯೇ ಕುಣಿದರು, ಇವತ್ತಿಗೂ ನೃತ್ಯಶಾಲೆಗಳಲ್ಲಿ ಹೆಂಗಸರೇ ಹೆಚ್ಚು, ಗಂಡಸು ಸಿಗಲಿಲ್ಲ ಅಂತ ಯಾರೂ ಗೋಡೆಗೆ ಒರಗಿ ನಿಲ್ಲಬೇಕಾಗಿಲ್ಲ.

ಆ ನೆಲದ ಮೇಲೆ ಕಾಲಿಟ್ಟ ಕೂಡಲೇ ಅದು ಸ್ವಲ್ಪ ಕೆಳಗೆ ಹೋಗಿ ಮೇಲೆ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮಂಡಿಗೆ ಗೊತ್ತಾಗುತ್ತದೆ. ನನ್ನ ಬಲ ಮಂಡಿ ಸವೆದಿದೆ. ಲೆಸ್ಟರಿನ ಸ್ಟುಡಿಯೊದಲ್ಲಿ ಒಂದು ಗಂಟೆ ಕುಣಿದರೆ ರಾತ್ರಿ ಬಿಸಿನೀರಿನ ಚೀಲ ಬೇಕು. ಅಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಇದ್ದು ಕುಣಿದು, ನೋವಿಲ್ಲದೆ ಮಲಗಿದೆ. ಈ ಮಾತನ್ನು ಮುಂದೆ ಕಲ್ಯಾಣ ಮಂಟಪದ ವಿಷಯಕ್ಕೆ ಬಂದಾಗ ದಯವಿಟ್ಟು ನೆನಪಿಟ್ಟುಕೊಳ್ಳಿ.

ನಮ್ಮ ಸ್ಪರ್ಧೆ ಅರವತ್ತು ದಾಟಿದ ಹವ್ಯಾಸಿಗಳದು, ವಾಲ್ಟ್ಸ್ ಮತ್ತು ಕ್ವಿಕ್‌ಸ್ಟೆಪ್ ಎರಡು ಕುಣಿತ. ಹದಿನೆಂಟು ಜೋಡಿ. ಮುಂದೆ ನಿಂತು ನಡೆಸುವವರ ಬೆನ್ನಿಗೆ ನಂಬರ್ ಚುಚ್ಚಬೇಕು. ನಮ್ಮದು 217. ನಾಲ್ಕು ಪಿನ್ನು, ನಾಲ್ಕು ಮೂಲೆ. ನನ್ನ ಕೈ ನಡುಗುತ್ತಿತ್ತು, ಮೂರನೆಯ ಪಿನ್ನು ಅವಳ ಬೆನ್ನಿಗೆ ತಾಗಿತು. ಅವಳು ಮಾತಾಡಲಿಲ್ಲ, ಸುಮ್ಮನೆ ಉಸಿರು ಬಿಟ್ಟು ನೆಟ್ಟಗೆ ನಿಂತಳು. ಮೂವತ್ತು ವರ್ಷ ಬಸ್ಸು ಓಡಿಸಿದ ಬೆನ್ನು ಅದು.

ಬಾಲ್‌ರೂಮಿನ ಜೋಡಿಗಳೆಲ್ಲ ಸಭಾಂಗಣವನ್ನು ಸುತ್ತುತ್ತಾ ಹೋಗಬೇಕು, ಒಂದೇ ದಿಕ್ಕಿಗೆ. ಆ ದಿಕ್ಕು ನಮ್ಮ ಪ್ರದಕ್ಷಿಣೆಗೆ ಪೂರ್ತಿ ವಿರುದ್ಧ. ನಡುವಿನ ಜಾಗ ಸದಾ ಎಡಗಡೆಗೆ ಇರಬೇಕು. ನಾಲ್ಕು ವರ್ಷವಾದರೂ ನನ್ನ ಕಾಲಿಗೆ ಅದು ಸಲೀಸಾಗಿಲ್ಲ. ಹುಟ್ಟಿದಾಗಿನಿಂದ ಗುಡಿ ಸುತ್ತಿದ ಕಾಲು. ಮೊದಲ ಸುತ್ತಿನ ವಾಲ್ಟ್ಸ್ ಚೆನ್ನಾಗಿಯೇ ಹೋಯಿತು. ಒಂದರಲ್ಲಿ ಮಂಡಿ ಬಾಗಿ ಉದ್ದ ಹೆಜ್ಜೆ, ಎರಡರಲ್ಲಿ ಏಳುತ್ತಾ ಪಕ್ಕಕ್ಕೆ, ಮೂರರಲ್ಲಿ ಕಾಲು ಕೂಡಿಸಿ ತುದಿಬೆರಳ ಮೇಲೆ ನಿಂತು ಮೆಲ್ಲಗೆ ಇಳಿಯುವುದು. ನಿಮಿಷಕ್ಕೆ 90ರ ಆಸುಪಾಸು ಎಣಿಕೆ, ನಮ್ಮ ತಿಶ್ರ ನಡೆಯ ಹಾಗೆ. ಕ್ವಿಕ್‌ಸ್ಟೆಪ್ ಹಾಗಲ್ಲ, ನಿಮಿಷಕ್ಕೆ 200 ಎಣಿಕೆ. ಎರಡನೆಯ ಮೂಲೆಯಲ್ಲಿ ಮುಂದಿನ ಜೋಡಿ ತಡೆದು ನಿಂತರು. ಅವಳು ಎಡಕ್ಕೆ ನಡೆಸಲು ನೋಡಿದಳು, ನನ್ನ ಮೈ ತಾನೇ ಬಲಕ್ಕೆ ತಿರುಗಿತು, ಭುಜ ಇನ್ನೊಬ್ಬರಿಗೆ ತಾಗಿ ತಾಳ ಪೂರಾ ತಪ್ಪಿಹೋಯಿತು. ಏನು ಮಾಡಬೇಕೋ ತಿಳಿಯಲಿಲ್ಲ. ಸುತ್ತ ಜೋಡಿಗಳು ಹಾರಿ ಹಾರಿ ಹೋಗುತ್ತಿವೆ. ಅವಳು ನಿಂತಳು. ನನ್ನ ಬಲಗೈಯನ್ನು ತನ್ನ ಎಡಗೈಯೊಳಗೆ ಒಂದು ಸಲ ಅದುಮಿದಳು. ಒಂದು ಪೂರ್ತಿ ಸಾಲು ಸಂಗೀತ ಹೋಗಲು ಬಿಟ್ಟು, ಮುಂದಿನ ಒಂದಕ್ಕೆ ಹೊರಟಳು.

ಆಗ ಬಾಲ್ಕನಿಯಿಂದ ಕೇಳಿಸಿತು, ನಮ್ಮ ಇಪ್ಪತ್ತೈದು ಜನರೂ ಎದ್ದು ನಿಂತು ಕೂಗುತ್ತಿದ್ದಾರೆ: ಎರಡುನೂರ ಹದಿನೇಳು! ಎರಡುನೂರ ಹದಿನೇಳು! ಹೆಸರು ಕೂಗುವುದಿಲ್ಲ, ನಂಬರ್ ಕೂಗುತ್ತಾರೆ, ಅದು ಅಲ್ಲಿನ ಪದ್ಧತಿ. ರೈಲ್ವೆ ಅಜ್ಜನ ಗಂಟಲು ಬೇರೆಯಾಗಿ ಕೇಳಿಸುತ್ತಿತ್ತು. ಬೇರೆ ಊರಿನ ಸ್ಟುಡಿಯೊದವರೂ ಜೊತೆಗೆ ಕೂಗಿದರು, ನಾವು ತಾಳ ತಪ್ಪಿದ್ದನ್ನು ನೋಡಿಯೇ ಕೂಗಿದರು. ಸಂಪಾದಕರೇ, ನನ್ನ ಮದುವೆಯ ದಿನವೂ ಇಷ್ಟು ಜನ ನನ್ನ ಕಡೆ ನಿಂತದ್ದು ನನಗೆ ನೆನಪಿಲ್ಲ.

ಐದು ಜನ ತೀರ್ಪುಗಾರರು ನೆಲದ ಅಂಚಿನಲ್ಲಿ ಅಲ್ಲಲ್ಲಿ ನಿಂತಿರುತ್ತಾರೆ. ಮೊದಲ ಸುತ್ತುಗಳಲ್ಲಿ ಅಂಕ ಕೊಡುವುದಿಲ್ಲ, ಯಾರನ್ನು ಮತ್ತೆ ನೋಡಬೇಕೋ ಆ ನಂಬರಿನ ಮುಂದೆ ಗುರುತು ಹಾಕುತ್ತಾರೆ. ಹೆಚ್ಚು ಗುರುತು ಬಿದ್ದವರು ಮುಂದಕ್ಕೆ. ಕೊನೆಗೆ ಉಳಿದ ಆರು ಜೋಡಿಗಳಿಗೆ ಮಾತ್ರ ಒಂದರಿಂದ ಆರರವರೆಗೆ ಸ್ಥಾನ, ಅದೂ ಬಹುಮತದ ಲೆಕ್ಕ. ಹಾಗಾಗಿ ಒಬ್ಬ ತೀರ್ಪುಗಾರ ಮೆಚ್ಚಿದ ಅಂತ ಯಾರೂ ಗೆಲ್ಲುವುದಿಲ್ಲ, ಒಬ್ಬ ಮುಖ ಸಿಂಡರಿಸಿದ ಅಂತ ಸೋಲುವುದೂ ಇಲ್ಲ. ಪಟ್ಟಿಯನ್ನು ಆಮೇಲೆ ಗೋಡೆಗೆ ಅಂಟಿಸುತ್ತಾರೆ. ಕ್ವಿಕ್‌ಸ್ಟೆಪ್ಪಿಗೆ ನಮಗೆ ಬಿದ್ದದ್ದು ಒಂದೇ ಗುರುತು. ವಾಲ್ಟ್ಸಿಗೆ ನಾಲ್ಕು. ಎರಡೂ ಕೂಡಿ ಸೆಮಿಫೈನಲ್ಲಿಗೆ ಹೋದೆವು, ಫೈನಲ್ಲಿಗೆ ಹೋಗಲಿಲ್ಲ. ಐವರಲ್ಲಿ ನಾಲ್ವರು, ನನ್ನನ್ನು ತಿಳಿಯದವರು, ನನ್ನ ವಾಲ್ಟ್ಸ್ ಮತ್ತೊಮ್ಮೆ ನೋಡಬೇಕು ಅಂದುಕೊಂಡರು. ಆ ಕಾಗದದ ಫೋಟೊ ಫೋನಿನಲ್ಲಿದೆ.

ಮಧ್ಯಾಹ್ನ ರೈಲ್ವೆ ಅಜ್ಜ ಟೀಚರ ಜೊತೆ ಟ್ಯಾಂಗೊ ಕುಣಿದರು. ಅವರ ಎಡಕಿವಿ ಕೇಳುವುದಿಲ್ಲ. ಸಂಗೀತ ಶುರುವಾಯಿತು ಅಂತ ಟೀಚರ್ ಅವರ ಬೆನ್ನ ಮೇಲಿದ್ದ ಬೆರಳಿನಿಂದ ತಾಳ ಕೊಡುತ್ತಿದ್ದರು, ಅದು ಬಾಲ್ಕನಿಯಿಂದ ನನಗೆ ಕಾಣಿಸುತ್ತಿತ್ತು. ಅವರಿಗೆ ಮೂರನೆಯ ಸ್ಥಾನ ಬಂತು. ಒಂಬತ್ತು ವರ್ಷದ ಹುಡುಗಿ ಓಡಿಹೋಗಿ ಅವರ ಪದಕ ಮುಟ್ಟಿ ನೋಡಿದಳು. ಅಜ್ಜನನ್ನು ನೋಡಿ ನಾಚಿಕೊಂಡ ಮೊಮ್ಮಕ್ಕಳು ಯಾರೂ ಅಲ್ಲಿರಲಿಲ್ಲ. ನಿಮ್ಮ ಓದುಗರಿಗೆ ನಾನು ಕೊಡುವ ಮೊದಲ ಉತ್ತರ ಅದೇ.

ಭಾನುವಾರ ವಾಪಸ್ಸು ಬರುವಾಗ ಬಸ್ಸಿನಲ್ಲಿ ಫೋಟೊಗಳನ್ನು ಊರಿಗೆ ಕಳಿಸಿದೆ. ರಾತ್ರಿ ನಮ್ಮ ಕಡೆಯ ಹಿರಿಯರೊಬ್ಬರ ಫೋನು ಬಂತು. ಗಂಡ ಹೋದವಳು ಹೀಗೆ ಮಿಂಚುವ ಬಟ್ಟೆ ಹಾಕಿಕೊಂಡು ಕುಣಿಯುವುದೇ ಅಂತ ಕೇಳಿದರು. ಎದುರು ಮಾತಾಡುವ ಅಭ್ಯಾಸ ನನಗಿಲ್ಲ, ಫೋನಿಟ್ಟು ಅತ್ತೆ. ಆಮೇಲೆ ಎಂಬತ್ತೇಳು ವರ್ಷದ ನಮ್ಮಮ್ಮನ ವಿಡಿಯೊ ಕರೆ ಬಂತು. ಫೋನನ್ನು ಕಣ್ಣ ಹತ್ತಿರ ಹಿಡಿದುಕೊಂಡು, ಆ ನೀಲಿ ಬಟ್ಟೆ ನಿನಗೆ ಒಪ್ಪುತ್ತದೆ, ಸ್ವಲ್ಪ ಸಣ್ಣಗಾಗಿದ್ದೀಯ, ಸರಿಯಾಗಿ ಊಟ ಮಾಡು ಅಂದರು. ಈ ಪತ್ರ ಬರೆಯಲು ನನಗೆ ಧೈರ್ಯ ಬಂದದ್ದು ಅಮ್ಮನ ಆ ಮಾತಿನಿಂದ.

ನಮ್ಮ ಪದ್ಧತಿಯಲ್ಲ ಅನ್ನುವ ಮಾತಿಗೆ ಬರುತ್ತೇನೆ. ತಿಪಟೂರು, ಅರಸೀಕೆರೆ ಸುತ್ತಿನ ಹಳ್ಳಿಗಳಲ್ಲಿ ರಂಗದ ಕುಣಿತ ನೋಡಿದವರು ನಿಮ್ಮ ಓದುಗರಲ್ಲಿ ಸಾವಿರಾರು ಜನ ಇದ್ದಾರೆ. ನರೆತ ಮೀಸೆಯ ಗೌಡರು ಪಂಚೆ ಎತ್ತಿ ಕಟ್ಟಿ, ಮೊಮ್ಮಕ್ಕಳ ಎದುರೇ, ಬೆಳಗಿನ ಜಾವದವರೆಗೆ ಸುತ್ತು ಹಾಕಿ ಕುಣಿಯುತ್ತಾರೆ. ಅವರ ಮರ್ಯಾದೆ ಆವತ್ತು ಹೆಚ್ಚುತ್ತದೆ. ಕೊಡಗಿನ ಮದುವೆಯಲ್ಲಿ ವಾಲಗ ಬಾರಿಸಿದರೆ ಅಜ್ಜಿಯರೂ ಇಳಿಯುತ್ತಾರೆ. ಇನ್ನು ಜೋಡಿ ಕುಣಿತ ಅಂದರೆ, ಮಂಗಳೂರಿನ ಕ್ರೈಸ್ತರ ಮದುವೆಗಳಲ್ಲಿ ವಾಲ್ಟ್ಸ್ ಇದೆ, ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆತನಗಳು ಕ್ರಿಸ್‌ಮಸ್ಸಿಗೆ ಕುಣಿದವು, 1921ರಲ್ಲಿ ಮೈಸೂರಿನಲ್ಲಿ ಕಟ್ಟಿದ ಲಲಿತಮಹಲ್‌ನಲ್ಲಿ ಬಾಲ್‌ರೂಮೇ ಇತ್ತು, ಆಮೇಲೆ ಅದು ಊಟದ ಸಭಾಂಗಣವಾಯಿತು. ಇವರೆಲ್ಲ ಕನ್ನಡ ನಾಡಿನವರೇ.

ಇಂಗ್ಲೆಂಡಿನಲ್ಲಾದರೂ ವಾಲ್ಟ್ಸ್ ಹುಟ್ಟಿನಿಂದಲೇ ಗೌರವದ ಕುಣಿತವಾಗಿರಲಿಲ್ಲ. ಅದು ಆಸ್ಟ್ರಿಯ, ಜರ್ಮನಿ ಕಡೆಯ ಹಳ್ಳಿಗರ ಕುಣಿತದಿಂದ ಬಂದದ್ದು. 1816ರ ಜುಲೈನಲ್ಲಿ ಲಂಡನ್ನಿನ ಅರಮನೆಯ ಕೂಟದಲ್ಲಿ ಕುಣಿದಾಗ, ಟೈಮ್ಸ್ ಪತ್ರಿಕೆ ಅದನ್ನು ಪರದೇಶದ ಅಸಭ್ಯ ಕುಣಿತ ಅಂತ ಜರೆದು ಬರೆದಿತ್ತು. ಹೆಣ್ಣುಮಕ್ಕಳನ್ನು ಇದರಿಂದ ದೂರ ಇಡಿ ಅಂತ ತಂದೆತಾಯಿಗಳಿಗೆ ಎಚ್ಚರಿಸಿತ್ತು. ನಿಮ್ಮ ಓದುಗರು ಬರೆದದ್ದನ್ನೇ ಇಲ್ಲಿನವರು ಇನ್ನೂರು ವರ್ಷದ ಹಿಂದೆ ಬರೆದಿದ್ದಾರೆ. ಈಗ ಅದೇ ದೇಶದ ಅಜ್ಜ ಅಜ್ಜಿಯರು ಅದನ್ನು ತಮ್ಮದು ಅನ್ನುತ್ತಾರೆ.

ಮಂಡಿಗೆ ಒಳ್ಳೆಯದು, ನೆನಪಿನ ಶಕ್ತಿಗೆ ಒಳ್ಳೆಯದು ಅಂತ ಡಾಕ್ಟರುಗಳು ಹೇಳುವುದನ್ನು ನಾನಿಲ್ಲಿ ಎತ್ತುವುದಿಲ್ಲ. ನಾನು ಔಷಧಿ ಅಂತ ಕುಣಿದವಳಲ್ಲ. ನನಗೆ ಸಿಕ್ಕಿದ್ದು ಬೇರೆ: ಗುರುವಾರ ನಾನು ಬರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುವ ಇಪ್ಪತ್ತಾರು ಜನ, ತಪ್ಪು ಮಾಡಲು ಒಂದು ಜಾಗ, ತಿದ್ದಿಕೊಳ್ಳಲು ಮುಂದಿನ ವಾರ. ನಮ್ಮ ಕಡೆ ನಿವೃತ್ತರಾದವರಿಗೆ ಎಲ್ಲ ಕಾರ್ಯಕ್ರಮದಲ್ಲೂ ಮುಂದಿನ ಸಾಲಿನ ಕುರ್ಚಿ ಕೊಡುತ್ತಾರೆ, ಶಾಲು ಹೊದಿಸುತ್ತಾರೆ. ಏನಾದರೂ ಹೊಸದು ಕಲಿಯಿರಿ, ನಾವು ಬಂದು ನೋಡುತ್ತೇವೆ ಅಂತ ಕರೆಯುವವರು ಕಡಿಮೆ. ಆ ಬಡಾವಣೆಯ ಹತ್ತು ಹನ್ನೆರಡು ಜನ ಯಾರೂ ಕರೆಯದೆಯೇ ಕಲಿಯಲು ಹೊರಟಿದ್ದರು. ಈಗ ಅವರು ಸಂಜೆ ಹೊತ್ತು ಎಲ್ಲಿ ಕೂರುತ್ತಿದ್ದಾರೋ ಅಂತ ನಾನು ದಿನಾ ಯೋಚಿಸುತ್ತೇನೆ.

ಭವನ ಇರುವುದು ಶುಭಕಾರ್ಯಕ್ಕೆ ಅನ್ನುವುದನ್ನು ಒಪ್ಪುತ್ತೇನೆ. ಮುಹೂರ್ತ ಇದ್ದ ದಿನ ಯಾರೂ ಕೇಳುವುದಿಲ್ಲ. ಆದರೆ ಆಷಾಢ ಪೂರ್ತಿ, ಧನುರ್ಮಾಸ ಪೂರ್ತಿ, ಪಿತೃಪಕ್ಷದ ಹದಿನೈದು ದಿನ, ನಮ್ಮ ಸಣ್ಣ ಊರುಗಳಲ್ಲಿ ಎಷ್ಟೋ ಕಲ್ಯಾಣ ಮಂಟಪಗಳಿಗೆ ಬೀಗ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ತಳ್ಳಿರುತ್ತಾರೆ, ನಡುವೆ ಅಷ್ಟು ದೊಡ್ಡ ಬಯಲು ಸುಮ್ಮನೆ ಬಿದ್ದಿರುತ್ತದೆ. ಆ ದಿನಗಳಲ್ಲಿ ಸಂಜೆ ಎರಡು ಗಂಟೆ, ಕರೆಂಟಿನ ಖರ್ಚಿಗಾಗುವಷ್ಟು ಬಾಡಿಗೆ ಇಸಕೊಂಡು, ಕಲಿಯುವವರಿಗೆ ಬಿಟ್ಟುಕೊಡಿ ಅಂತ ಮಂಟಪಗಳ ಮಾಲೀಕರನ್ನೂ ಸಮುದಾಯ ಭವನಗಳ ಸಮಿತಿಯವರನ್ನೂ ಕೇಳಿಕೊಳ್ಳುತ್ತೇನೆ. ಬಾಲ್‌ರೂಮೇ ಆಗಬೇಕೆಂದಿಲ್ಲ. ಕೋಲಾಟ ಇರಲಿ, ರಂಗದ ಕುಣಿತ ಇರಲಿ, ಹೆಂಗಸರಿಗೂ ಕಲಿಸಲಿ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನಮ್ಮ ಮಂಟಪಗಳ ನೆಲ ಗ್ರಾನೈಟು, ಇಲ್ಲವೇ ನುಣುಪು ಟೈಲ್ಸು, ಅಡಿಯಲ್ಲಿ ಕಾಂಕ್ರೀಟು. ಅದು ಒಂದಿಷ್ಟೂ ಬಾಗುವುದಿಲ್ಲ, ವಯಸ್ಸಾದ ಮಂಡಿಗೆ ಏಟು. ಅದಕ್ಕೇ ಆ ಮರದ ನೆಲದ ವಿಷಯ ಅಷ್ಟು ಬರೆದೆ. ಕೂಡಲೇ ಮರ ಹಾಸಿ ಅಂತ ಕೇಳುತ್ತಿಲ್ಲ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು, ಜಿಗಿಯುವ ಕುಣಿತ ಬೇಡ, ನಿಧಾನದ ವಾಲ್ಟ್ಸಿನಿಂದ ಶುರುಮಾಡಲಿ, ಮೆತ್ತನೆ ಅಟ್ಟೆಯ ಷೂ ಇರಲಿ, ಕಾಲುಚೀಲದಲ್ಲಿ ಮಾತ್ರ ಕುಣಿಯಬೇಡಿ, ಜಾರಿ ಸೊಂಟ ಮುರಿದವರನ್ನು ಔಷಧಿ ಅಂಗಡಿಯಲ್ಲಿ ನಾನು ತುಂಬಾ ನೋಡಿದ್ದೇನೆ. ಹೊಸ ಭವನ ಕಟ್ಟುವವರು ಒಂದು ಕೋಣೆಗಾದರೂ ಮರದ ಪಟ್ಟಿಯ ಮೇಲೆ ಹಲಗೆ ಹೊಡೆಸಿದರೆ ಭರತನಾಟ್ಯ ಕಲಿಯುವ ಮಕ್ಕಳ ಹಿಮ್ಮಡಿಯೂ ಉಳಿಯುತ್ತದೆ.

ಬರುವ ಆಷಾಢದಲ್ಲಿ ನಾನು ಅಮ್ಮನನ್ನು ನೋಡಲು ತಿಪಟೂರಿಗೆ ಬರುತ್ತೇನೆ, ಐದು ವಾರ ಇರುತ್ತೇನೆ. ನನ್ನ ಜೊತೆಗಾತಿಯೂ ಬರುತ್ತಾಳೆ. ನಮ್ಮ ಬೀದಿಯ ಕೊನೆಯಲ್ಲಿರುವ ಮಂಟಪದ ಮ್ಯಾನೇಜರನ್ನು ತಂಗಿ ಈಗಾಗಲೇ ಕೇಳಿದ್ದಾಳೆ, ಯೋಚಿಸಿ ಹೇಳುತ್ತೇನೆ ಅಂದರಂತೆ. ಅವರು ಹೂಂ ಅಂದರೆ ಸೋಮವಾರ, ಗುರುವಾರ ಸಂಜೆ ಐದಕ್ಕೆ, ಗೊತ್ತಿರುವಷ್ಟು ವಾಲ್ಟ್ಸ್ ನಾವಿಬ್ಬರೂ ಹೇಳಿಕೊಡುತ್ತೇವೆ, ದುಡ್ಡಿಲ್ಲ. ಆ ಬಡಾವಣೆಯವರು ತುಮಕೂರಿನಿಂದ ಬರುವುದಾದರೆ ಸಂಜೆಯ ರೈಲಿಗೆ ತಂಗಿ ಸ್ಟೇಷನ್ನಿಗೆ ಹೋಗಿ ಕರಕೊಂಡು ಬರುತ್ತಾಳೆ. ಸುತ್ತು ಹಾಕುವಾಗ ನಡುವಿನ ಜಾಗ ಎಡಗಡೆಗಿರಬೇಕು, ಅದನ್ನು ಮೊದಲ ದಿನವೇ ಸೀಮೆಸುಣ್ಣದಲ್ಲಿ ಬಾಣ ಬರೆದು ತೋರಿಸುತ್ತೇನೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ತಿಪಟೂರಿನ ಮಗಳು, ಲೆಸ್ಟರ್, ಇಂಗ್ಲೆಂಡ್